ನಾನು ಫಿಟ್ ಎಂದು ಬರೆದ ಪಾದಗಳು

ಕುಂಟುತ್ತ ಬರುವವರನ್ನು ನೋಡಿ ನೋಡಿ ನನಗೆ ಅನುಮಾನದ ರೋಗ ಅಂಟಿತ್ತು. ಯಾದಗಿರಿಯ ಸರ್ಕಾರಿ ಆಸ್ಪತ್ರೆಯಲ್ಲಿ ನಾನು ಮೂಳೆ ವೈದ್ಯ. ಅದರ ಜೊತೆಗೆ, ಅಂಗವೈಕಲ್ಯ ಪ್ರಮಾಣಪತ್ರದ ಮೇಲ್ಮನವಿಗಳನ್ನು ತೀರ್ಮಾನಿಸುವ ಮೂವರ ವೈದ್ಯಕೀಯ ಮಂಡಳಿಯ ಸದಸ್ಯ. ತಾಲ್ಲೂಕು ಶಿಬಿರದಲ್ಲಿ ಶೇಕಡಾ ನಲವತ್ತಕ್ಕಿಂತ ಕಡಿಮೆ ಎಂದು ಬರೆಸಿಕೊಂಡವರಿಗೆ ಮಾಸಾಶನವೂ ಇಲ್ಲ, ತ್ರಿಚಕ್ರ ವಾಹನವೂ ಇಲ್ಲ. ಅಂಥವರು ಮೇಲ್ಮನವಿ ಹಾಕಿಕೊಂಡು ನಮ್ಮ ಮುಂದೆ ಬರುತ್ತಾರೆ. ಗೇಟಿನವರೆಗೆ ನೆಟ್ಟಗೆ ನಡೆದು ಬಂದು ನಮ್ಮ ಹೊಸ್ತಿಲಲ್ಲಿ ಕಾಲೆಳೆಯಲು ಶುರು ಮಾಡುವವರು ಅವರಲ್ಲಿ ಕಡಿಮೆಯೇನಿಲ್ಲ. ಕಿಟಕಿಯಿಂದ ಅವರನ್ನು ಮೊದಲೇ ನೋಡಿಟ್ಟುಕೊಳ್ಳುವುದನ್ನು ನಾನು ರೂಢಿ ಮಾಡಿಕೊಂಡಿದ್ದೆ. ಆ ಚಾಲಾಕಿತನದ ಬಗ್ಗೆ ನನಗೆ ಒಳಗೊಳಗೇ ಜಂಬವೂ ಇತ್ತು.

ಆ ದಿನ ಮಧ್ಯಾಹ್ನ ಬಂದವರು ಸುರಪುರ ಕಡೆಯ ಹಳ್ಳಿಯೊಂದರ ಮಾಜಿ ಸೈನಿಕರು. ಕುರಿ ಸಾಕುವ ಮನೆತನ. ಹಿಮದ ಗಡಿಯಲ್ಲಿ ಕಾವಲಿದ್ದಾಗ ಎರಡೂ ಪಾದಗಳು ಮರಗಟ್ಟಿ ಕೆಲವು ವಾರ ಸೈನ್ಯದ ಆಸ್ಪತ್ರೆಯಲ್ಲಿದ್ದವರು. ಬೆರಳುಗಳು ಉಳಿದವು, ಜೋಮು ಮಾತ್ರ ಹೋಗಲಿಲ್ಲ. ಅಷ್ಟರಲ್ಲಿ ತಂದೆ ತೀರಿಕೊಂಡರು, ತಮ್ಮ ಇನ್ನೂ ಚಿಕ್ಕವನು. ಕುರಿ ನೋಡುವವರಿಲ್ಲದಂತಾಗಿ, ಪಿಂಚಣಿಗೆ ಬೇಕಾದಷ್ಟು ಸೇವೆ ತುಂಬುವ ಮೊದಲೇ ಬಿಡುಗಡೆ ಕೇಳಿಕೊಂಡು ಊರಿಗೆ ಬಂದಿದ್ದರು. ಬಿಡುಗಡೆಯ ದಿನದ ವೈದ್ಯಕೀಯ ತಪಾಸಣೆಯಲ್ಲಿ ಏನೂ ತೊಂದರೆಯಿಲ್ಲ ಎಂದು ದಾಖಲಾಗಿತ್ತು. ಹಾಗಾಗಿ ಸೈನ್ಯದ ಅಂಗವೈಕಲ್ಯ ಪಿಂಚಣಿಯ ಬಾಗಿಲು ಮುಚ್ಚಿತ್ತು. ಸುರಪುರದ ಶಿಬಿರದಲ್ಲೂ ಕಡಿಮೆ ಬರೆದಿದ್ದರು. ಉಳಿದದ್ದು ನಾವು.

ಅವರ ಬೇಡಿಕೆ ದೊಡ್ಡದಿರಲಿಲ್ಲ. ಕುರಿ ತಮ್ಮನಿಗೆ ಬಿಟ್ಟುಕೊಟ್ಟು, ಸರ್ಕಾರ ಕೊಡುವ ಮೂರು ಗಾಲಿಯ ಗಾಡಿಯಲ್ಲಿ ಸಂತೆಯಿಂದ ಸಂತೆಗೆ ಕಂಬಳಿ ಮಾರಿಕೊಂಡಿರಬೇಕು. ಕಾಲಿನ ಮೇಲೆ ಬದುಕುವುದು ಸಾಕಾಗಿದೆ ಎಂದು ಮೇಲ್ಮನವಿಯಲ್ಲಿ ಯಾರೋ ಅವರ ಪರವಾಗಿ ಚೆಂದವಾಗಿ ಬರೆದುಕೊಟ್ಟಿದ್ದರು.

ಕಿಟಕಿಯಿಂದ ನೋಡಿದೆ. ನೇರ ಬೆನ್ನು, ಅಳತೆಯ ಹೆಜ್ಜೆ, ಹಿಂದೆ ಸೆರಗು ಬಿಗಿದುಕೊಂಡು ಬರುತ್ತಿದ್ದ ಹೆಂಡತಿ. ಹೊಸ್ತಿಲು ದಾಟಿದ ಮೇಲೆ ಹೆಜ್ಜೆ ಇನ್ನಷ್ಟು ನೆಟ್ಟಗಾಯಿತು. ಹಿಮ್ಮಡಿ ಕೂಡಿಸಿ ನಿಂತು ಸೆಲ್ಯೂಟ್ ಹೊಡೆದರು. ಮಂಡಳಿಯ ಅಧ್ಯಕ್ಷರು, ನಿವೃತ್ತಿಗೆ ಹತ್ತಿರವಿದ್ದ ಹಿರಿಯ ಸರ್ಜನ್, ಖುಷಿಯಾಗಿ ಕುರ್ಚಿಯಿಂದ ಅರ್ಧ ಎದ್ದರು.

“ಬರ್ರಿ ಮಿಲ್ಟ್ರಿ ಸಾಹೇಬ್ರ. ಏನ್ ತ್ರಾಸ ಅದ?”

“ಪಾದ ಜುಮ್ಮ ಹಿಡದಾವ್ರಿ ಸರ್. ಬರ್ಫಿನಾಗ ಡ್ಯೂಟಿ ಇದ್ದಾಗ ಆಗ್ಯದ.”

“ನಡೀಲಿಕ್ಕೆ ಬರ್ತದ?”

“ಬರ್ತದ್ರಿ ಸರ್.”

ಹೆಂಡತಿ ಬಾಗಿಲಲ್ಲಿ ನಿಂತು ಏನೋ ಹೇಳಲು ಬಾಯಿ ತೆರೆದರು. ಪರೀಕ್ಷೆಯ ಹೊತ್ತಿನಲ್ಲಿ ಮನೆಯವರನ್ನು ನಾನು ಒಳಗೆ ಬಿಡುತ್ತಿರಲಿಲ್ಲ. ರೋಗಿಗೆ ಕೇಳಿದ ಪ್ರಶ್ನೆಗೆಲ್ಲ ಅವರೇ ಉತ್ತರ ಕೊಡುತ್ತಾರೆ, ನೋವನ್ನು ನಾಲ್ಕು ಪಟ್ಟು ಮಾಡಿ ಹೇಳುತ್ತಾರೆ. “ಯವ್ವಾ, ಹೊರಗ ಕೂಡ್ರಿ, ಕರೀತೀವಿ” ಎಂದೆ. ಅಟೆಂಡರ್ ಬಾಗಿಲು ಮುಂದೆ ಮಾಡಿದ. ಆಕೆಯನ್ನು ನಾವು ಮತ್ತೆ ಕರೆಯಲೇ ಇಲ್ಲ.

ಕಾಲಿನ ವೈಕಲ್ಯ ಅಳೆಯುವುದಕ್ಕೆ ನಿಗದಿತ ಕ್ರಮವಿದೆ. ಸಪಾಟು ನೆಲದ ಮೇಲೆ ನಡೆಸಬೇಕು, ಇಳಿಜಾರಿನಲ್ಲಿ ನಡೆಸಬೇಕು, ಮೆಟ್ಟಿಲು ಹತ್ತಿಸಬೇಕು, ಒಂದು ಕಾಲ ಮೇಲೆ ನಿಲ್ಲಿಸಬೇಕು, ಕುಕ್ಕರುಗಾಲಲ್ಲಿ ಕೂರಿಸಬೇಕು, ಮಂಡಿ ಊರಿಸಬೇಕು, ತಿರುಗಿಸಬೇಕು. ಮಾಡಲಾಗದ ಪ್ರತಿಯೊಂದಕ್ಕೂ ಇಷ್ಟಿಷ್ಟು ಎಂದು ಅಂಕ. ಆ ಮನುಷ್ಯರು ಎಲ್ಲವನ್ನೂ ಕವಾಯತಿನಂತೆ ಮಾಡಿ ತೋರಿಸಿದರು. ತಿರುಗಿ ಎಂದರೆ ಹಿಮ್ಮಡಿಯ ಮೇಲೆ ಸರಕ್ಕನೆ ತಿರುಗಿದರು. ಒಂದು ಕಾಲ ಮೇಲೆ ನಿಲ್ಲಿ ಎಂದರೆ ಸಾಕು ಎನ್ನುವವರೆಗೆ ನಿಂತರು. ಹಣೆಯಲ್ಲಿ ಬೆವರಿತ್ತು. ಉದ್ದಕ್ಕೂ ತಮ್ಮ ಪಾದಗಳಿಂದ ಕಣ್ಣು ತೆಗೆಯಲಿಲ್ಲ. ನಾನು ಅದನ್ನು ಸಂಕೋಚ ಎಂದುಕೊಂಡೆ.

“ಇವ್ರ ಸಂಗಟ ನಮ್ಮನ್ನ ಓಡಿಸಿದ್ರ ಮೂರೂ ಮಂದಿ ಅಂಗಳದಾಗೇ ಬೀಳ್ತೀವಿ ನೋಡ್ರಿ” ಎಂದು ಅಧ್ಯಕ್ಷರು ನಕ್ಕರು. ನಾನೂ ನಕ್ಕೆ.

ಕೊನೆಗೆ ಸ್ಪರ್ಶ ಪರೀಕ್ಷೆ. ಮೇಜಿನ ಮೇಲೆ ಮಲಗಿಸಿ, ಕಣ್ಣು ಮುಚ್ಚಿಸಿ, ತೆಳ್ಳನೆಯ ನೈಲಾನ್ ಎಳೆಯನ್ನು ಅಂಗಾಲಿನ ಬೇರೆ ಬೇರೆ ಜಾಗಕ್ಕೆ ಮುಟ್ಟಿಸುತ್ತ ಹೋಗುವುದು. ಹೊರಗೆ ಇನ್ನೂ ಬಹಳ ಜನ ಕಾಯುತ್ತಿದ್ದರು. ಎಳೆ ಮುಟ್ಟಿಸಿದಾಗೊಮ್ಮೆ “ಈಗ?” ಎನ್ನುತ್ತಿದ್ದೆ. “ಹೌದ್ರಿ ಸರ್” ಎನ್ನುತ್ತಿದ್ದರು. “ಈಗ?” “ಹೌದ್ರಿ ಸರ್.” ಒಂದೂ ತಪ್ಪಲಿಲ್ಲ. ಸ್ಪರ್ಶಜ್ಞಾನ ಸಹಜ ಎಂದು ಬರೆದು ಸಹಿ ಹಾಕಿದೆ. ಉಳಿದಿಬ್ಬರೂ ಹಾಕಿದರು. ಮೇಲ್ಮನವಿ ತಿರಸ್ಕೃತವಾಯಿತು.

“ನೀವು ಪೂರಾ ಫಿಟ್ ಅದೀರಿ” ಎಂದರು ಅಧ್ಯಕ್ಷರು.

ಆ ಮಾತು ಕೇಳಿ ಅವರ ಮುಖ ಅರಳಿತು. ಎದೆ ಮುಂದೆ ಮಾಡಿ “ಥ್ಯಾಂಕ್ಯೂ ಸರ್” ಎಂದರು. ಬಾಗಿಲಿನ ಕಡೆ ತಿರುಗಿದವರು ಅರ್ಧಕ್ಕೆ ನಿಂತು, ತಾವು ಬಂದದ್ದು ಯಾಕೆಂದು ಆಗಷ್ಟೇ ನೆನಪಾದವರಂತೆ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದರು. ನಾನು ಮುಂದಿನವರನ್ನು ಕರೆಯಲು ಹೇಳಿದೆ.

ವಾರಕ್ಕೊಮ್ಮೆ ನಾನು ಶಹಾಪುರಕ್ಕೆ ಹೋಗಬೇಕಿತ್ತು, ಅಲ್ಲಿನ ಆಸ್ಪತ್ರೆಯಲ್ಲಿ ಮೂಳೆ ವೈದ್ಯರ ಹುದ್ದೆ ಖಾಲಿ ಬಿದ್ದಿತ್ತು. ಭತ್ತದ ಕೊಯ್ಲು ಮುಗಿದ ದಿನಗಳವು. ಕಾಲುವೆ ನೀರಿನ ಗದ್ದೆಗಳಲ್ಲಿ ಆಗ ಕುರಿಯವರು ಬಂದು ಹಿಂಡು ನಿಲ್ಲಿಸುತ್ತಾರೆ. ಹಿಕ್ಕೆಯ ಗೊಬ್ಬರ ಹೊಲದವನಿಗೆ, ಮೇವು ಕುರಿಗೆ. ಸುರಪುರ ಕಡೆಯಿಂದಲೂ ಹಿಂಡುಗಳು ಬಂದಿದ್ದವು. ಒಂದು ಬೆಳಿಗ್ಗೆ ರೋಗಿಗಳ ಸಾಲನ್ನು ಸೀಳಿಕೊಂಡು ಒಬ್ಬ ಹೆಂಗಸು ನನ್ನ ಮೇಜಿನ ಮುಂದೆ ನಿಂತರು.

“ಸಾಹೇಬ್ರೇ, ನಮ್ಮವರಿಗಿ ಫಿಟ್ ಅಂತ ಬರದವರು ನೀವೇ ಅಲ್ಲೇನ್ರಿ? ಜರಾ ಈ ಕಾಲ ನೋಡ್ರಿ, ಎಷ್ಟ್ ಫಿಟ್ ಅದ ಅಂತ.”

ಗುರುತು ಹತ್ತಿತು. ಹಿಂದೆ ಅವರ ಗಂಡ, ಅದೇ ನೇರ ಬೆನ್ನಿನಲ್ಲಿ, ಹೆಂಡತಿಯ ಗಲಾಟೆಗೆ ಮುಜುಗರಪಡುತ್ತ ನಿಂತಿದ್ದರು. ಬಲ ಅಂಗಾಲು ಊದಿಕೊಂಡು ಕೀವು ತುಂಬಿತ್ತು. ಜಾಲಿ ಮುಳ್ಳು ಚಪ್ಪಲಿ ತೂರಿ ಒಳಗೇ ಮುರಿದಿತ್ತು. ಆ ಕಾಲಿನಲ್ಲೇ ಹಿಂಡಿನ ಹಿಂದೆ ದಿನಗಟ್ಟಲೆ ನಡೆದಿದ್ದರು. ನೋವು ಗೊತ್ತಾಗದಂತೆ ಮಾಡುವ ಸೂಜಿಮದ್ದು ತರಲು ನರ್ಸ್ ಒಳಗೆ ಹೋಗಿದ್ದಳು. ಮುಳ್ಳಿನ ತುದಿ ಕಾಣುತ್ತಿದೆಯಲ್ಲ ಎಂದು ಇಕ್ಕಳದಿಂದ ಸ್ವಲ್ಪ ಅಲ್ಲಾಡಿಸಿ ನೋಡಿದೆ. ಇಡೀ ಮುಳ್ಳು ಕೈಗೆ ಬಂತು, ಹಿಂದೆಯೇ ಕೀವೂ ರಕ್ತವೂ ಇಳಿಯಿತು. ಅವರು ಗೋಡೆ ನೋಡುತ್ತ ಕೂತಿದ್ದರು.

“ಸುರು ಮಾಡ್ರಿ ಸರ್” ಎಂದರು. “ನಾ ಹಲ್ಲ ಕಚ್ಚಿ ಹಿಡೀತೀನಿ.”

ಮುಳ್ಳು ಆಗಲೇ ಟ್ರೇಯಲ್ಲಿತ್ತು.

ಗಾಯಕ್ಕೆ ಬಟ್ಟೆ ಕಟ್ಟಿ, ಕಣ್ಣು ಮುಚ್ಚಲು ಹೇಳಿದೆ. ಕೈಗಳನ್ನು ನನ್ನ ತೊಡೆಯ ಮೇಲಿಟ್ಟುಕೊಂಡು “ಈಗ?” ಎಂದೆ. “ಹೌದ್ರಿ ಸರ್” ಎಂದರು. ಮತ್ತೆ ಕೇಳಿದೆ. ಮತ್ತೆ ಹೌದು. ಮತ್ತೂ ಒಮ್ಮೆ. ಅವರ ಕಾಲನ್ನು ನಾನು ಮುಟ್ಟಿಯೇ ಇರಲಿಲ್ಲ.

ಹೆಂಡತಿ ಮೊದಲು ನಕ್ಕರು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದರು. “ಅವರಿಗಿ ಕೇಳಿದ್ರ ಎಲ್ಲಾದಕ್ಕೂ ಹೌದೇ ಅಂತಾರ್ರಿ. ಸಾರಿಗಿ ಉಪ್ಪು ಹತ್ಯದೇನು ಅಂದ್ರ ಭಿ ಹೌದು, ಹತ್ತಿಲ್ಲೇನು ಅಂದ್ರ ಭಿ ಹೌದು. ಹ್ವಾದ ವರ್ಷ ಒಲಿ ಬಾಜೂಕ ಕೆಂಡ ತುಳದು ನಿಂತಿದ್ರು. ಸುಟ್ಟ ವಾಸನಿ ಬಂದ ಮ್ಯಾಗ ನಾ ಕೈ ಹಿಡದು ಜಗ್ಗೀನಿ. ಅವತ್ತ ಬಾಗಿಲದಾಗ ನಿಂತು ಇದೇ ಹೇಳ್ಬೇಕಂತ ಮಾಡಿದ್ದೆ. ನೀವು ಹೊರಗ ಕೂಡ್ರಿ ಅಂದ್ರಿ.”

“ಯಾಕ್ರಿ ಹೌದು ಅಂದ್ರಿ?” ಎಂದು ಅವರನ್ನು ಕೇಳಿದೆ. ನನ್ನ ದನಿಯಲ್ಲಿ ಸಿಟ್ಟಿತ್ತು. ಅದು ಅವರ ಮೇಲಿನದ್ದಲ್ಲವೆಂದು ಅವರಿಗೆ ಹೇಗೆ ತಿಳಿಯಬೇಕು, ಎದ್ದು ನಿಲ್ಲಲು ಹೋದರು.

“ಮೆಡಿಕಲ್ ಅಂದ್ರ ಮೆಡಿಕಲ್ರಿ ಸರ್. ಭರ್ತಿಗಿ ಹೋದಾಗ ಮೊದಲನೇ ಸಲ ಫೇಲ್ ಮಾಡಿದ್ರು. ಊರಿಗಿ ಬಂದು ತಾಲೀಮ ಮಾಡಿ ಮತ್ತ ಹೋಗಿ ಪಾಸಾದೆ. ಆಮ್ಯಾಗ ವರ್ಷಾ ಮೆಡಿಕಲ್. ಅನ್‌ಫಿಟ್ ಅಂದ್ರ ಅಡಿಗಿ ಮನಿಗಿ ಹಾಕ್ತಿದ್ರು, ಜೊತೀ ಇದ್ದವರು ನಗ್ತಿದ್ರು. ಡಾಕ್ಟರ್ ಮುಂದ ನಿಂತ್ರ ಆಗಲ್ಲ ಅನ್ನಾಕ ಬಾಯೇ ಬರಲ್ರಿ. ಎಲ್ಲಿ ಫೇಲ್ ಆಗ್ತೀನೋ ಅಂತ ಅವತ್ತ ಭಾಳ ಅಂಜಿದ್ದೆ.”

ನಮ್ಮ ಮುಂದೆ ಬರುವವರೆಲ್ಲ ಫೇಲಾಗಲು ಬರುತ್ತಾರೆ, ಅವರ ನಾಟಕ ಹಿಡಿಯುವುದೇ ನನ್ನ ಕೆಲಸ ಎಂದುಕೊಂಡು ಕೂತಿದ್ದೆ. ಈ ಮನುಷ್ಯರು ಪಾಸಾಗಲು ಬಂದಿದ್ದರು. ಜೋಮು ಹಿಡಿದ ಪಾದ ನೆಲ ಎಲ್ಲಿದೆಯೆಂದು ತಿಳಿಸುವುದಿಲ್ಲ, ಅದಕ್ಕೇ ಕಣ್ಣಿನಿಂದ ನೋಡಿ ನೋಡಿ ಹೆಜ್ಜೆ ಇಟ್ಟಿದ್ದರು. ಕಣ್ಣು ಮುಚ್ಚಿಸಿ ನಿಲ್ಲಿಸಿದ್ದರೆ ಬೀಳುತ್ತಿದ್ದರು. ನಿಲ್ಲಿಸಿದಾಗ ನಾನು ಮುಚ್ಚಿಸಲಿಲ್ಲ. ಇನ್ನು ಸ್ಪರ್ಶ ಪರೀಕ್ಷೆಯಲ್ಲಿ ನಡುನಡುವೆ ಮುಟ್ಟದೆ ಕೇಳಬೇಕು, ಅಥವಾ ಏನೂ ಕೇಳದೆ ಮುಟ್ಟಬೇಕು ಎನ್ನುವುದು ಕಲಿಯುವ ಹುಡುಗರಿಗೂ ಗೊತ್ತಿರುವ ಮಾತು. ನಾನೇ ಹೇಳಿಕೊಟ್ಟಿದ್ದೇನೆ. ಅವಸರದಲ್ಲಿ ಯಾವಾಗಲೋ ಬಿಟ್ಟದ್ದು ಹಾಗೆಯೇ ಬಿಟ್ಟುಹೋಗಿತ್ತು.

ನಡೆಯಬೇಡಿ, ಕಾಲು ಊರಲೇಬೇಡಿ ಎಂದು ಹೇಳಿದೆ. ಸ್ಪರ್ಶವಿಲ್ಲದ ಪಾದಗಳಿಗೆಂದೇ ಮೆತ್ತನೆಯ ರಬ್ಬರಿನ ಚಪ್ಪಲಿ ಯಾದಗಿರಿಯ ನಮ್ಮ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತದೆ, ಬಂದು ಒಯ್ಯಿರಿ ಎಂದೂ ಹೇಳಿದೆ.

“ಕುರಿ ಹಿಂದ ಯಾರ್ ಹೋಗ್ತಾರ್ರಿ, ನೀವು ಬರ್ತೀರೇನು?” ಎಂದರು ಹೆಂಡತಿ. “ಮೈದುನ ಒಬ್ಬನ ಕೈಲಿ ಆಗಲ್ರಿ. ಆ ಗಾಡಿದು ಏನಾರ ಮಾಡ್ರಿ ಸಾಹೇಬ್ರೇ. ಗಾಡಿ, ಸರ್ಕಾರದ ಪಗಾರ ಬಂದ್ರ ಕುರಿಗಿ ಒಬ್ಬ ಆಳ ಇಟ್ಟು, ನಾನೇ ಇವರನ್ನ ಹೊಲಕ್ಕ ಬಿಡಂಗಿಲ್ಲ.”

“ನಾ ನೋಡ್ತೀನಿ” ಎಂದೆ. ನಮ್ಮ ಇಲಾಖೆಯಲ್ಲಿ ಆ ಮಾತಿಗೆ ಎಷ್ಟು ಬೆಲೆಯೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ಮರುದಿನವೇ ಅಧ್ಯಕ್ಷರ ಕೋಣೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಅವರು ಕೆಟ್ಟವರಲ್ಲ, ಕನ್ನಡಕ ತೆಗೆದು ಗಮನವಿಟ್ಟು ಕೇಳಿದರು.

“ಸಹಿ ಆಗಿ ಹೋಗ್ಯದ ಡಾಕ್ಟ್ರೇ. ನಮ್ಮ ಆದೇಶ ನಾವೇ ತಿದ್ದಬೇಕಂದ್ರ, ನನ್ನ ಪರೀಕ್ಷಾ ತಪ್ಪಾಗ್ಯದ ಅಂತ ನೀವು ಲಿಖಿತದಾಗ ಕೊಡ್ಬೇಕು. ಕೊಟ್ರ ಇದೊಂದೇ ಕೇಸಿಗಿ ನಿಲ್ಲಂಗಿಲ್ಲ. ನೀವು ನೋಡಿದ ಕುಷ್ಠದವರು, ಸಕ್ರಿ ಬ್ಯಾನಿಯವರು, ಜುಮ್ಮ ಅಂತ ಬಂದವರೆಲ್ಲರದೂ ಮತ್ತ ತಗೀರಿ ಅಂತಾರ. ಯಾಕ್ ಉಸಾಬರಿ? ಸುರಪುರದಾಗ ಶಿಬಿರ ಬರ್ತದ, ಹೊಸಾ ಅರ್ಜಿ ಹಾಕ್ಲಿ. ಈ ಸಲ ಬರೋಬರಿ ನೋಡಿದ್ರಾತು.”

ಅವರು ಹೇಳುವವರೆಗೆ ಉಳಿದವರ ನೆನಪೇ ನನಗೆ ಬಂದಿರಲಿಲ್ಲ. ಎಷ್ಟೊಂದು ಪಾದಗಳಿಗೆ ನಾನು “ಈಗ?” ಎಂದು ಕೇಳಿದ್ದೆ. ಹತ್ತಿಕುಣಿಯ ಒಬ್ಬ ಅಜ್ಜಿ ಕಣ್ಣಿಗೆ ಕಟ್ಟಿದಳು, ನನಗೆ ಬೇಜಾರಾಗಬಾರದೆಂದು ಪ್ರತಿ ಸಲವೂ “ಹೂಂ ನನ್ನಪ್ಪಾ” ಎಂದವಳು. ಆ ಕ್ಷಣವೇ ಕೂತು ಬರೆಯಬೇಕಿತ್ತು. ಬರೆಯಲಿಲ್ಲ. ಹೆದರಿದೆ. ಪತ್ರ ಕೊಟ್ಟರೆ ನನ್ನ ಇಷ್ಟು ವರ್ಷದ ಸಹಿಗಳನ್ನೆಲ್ಲ ಯಾರೋ ಕೆದಕುತ್ತಾರೆ, ವಾರ್ಡಿನಲ್ಲಿ ಕಿರಿಯರು ಬೆನ್ನ ಹಿಂದೆ ಆಡಿಕೊಳ್ಳುತ್ತಾರೆ ಎಂದು ಹೆದರಿದೆ. ಸುರಪುರದ ಶಿಬಿರ ಬರಲಿ ಎಂದು ನನಗೆ ನಾನೇ ಹೇಳಿಕೊಂಡೆ. ಶಿಬಿರ ಒಮ್ಮೆ ಮುಂದೆ ಹೋಯಿತು, ಮತ್ತೊಮ್ಮೆ ಹೋಯಿತು. ಪ್ರತಿ ಸಲ ಮುಂದೆ ಹೋದಾಗಲೂ ಬೇಜಾರಿನ ಜೊತೆಗೆ ನನಗೆ ಹಗುರವೂ ಆಗುತ್ತಿತ್ತು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಶಹಾಪುರಕ್ಕೆ ಹೋದಾಗ ಸಾಲಿನಲ್ಲಿ ಆ ಹೆಂಗಸು ಕಾಣುತ್ತಾರೇನೋ ಎಂದು ಮೊದಲು ನೋಡುತ್ತಿದ್ದೆ, ಕಾಣದಿದ್ದರೆ ಸಮಾಧಾನದಿಂದ ಕೆಲಸ ಶುರು ಮಾಡುತ್ತಿದ್ದೆ.

ಅವರು ಬಂದದ್ದು ಯಾದಗಿರಿಗೇ. ಹೊಲದವರ ಜೀಪಿನಲ್ಲಿ ಗಂಡನನ್ನು ಮಲಗಿಸಿಕೊಂಡು ಬಂದಿದ್ದರು. ಕಾಲಿನ ಕಟ್ಟು ಬಿಚ್ಚುವ ಮೊದಲೇ ವಾಸನೆ ಬಂತು. ಮುಂಗಾಲು ಕಪ್ಪಾಗಿ, ಕೀವು ಮೂಳೆಗೆ ಇಳಿದಿತ್ತು. ಜ್ವರದಲ್ಲೂ ಆ ಮನುಷ್ಯರು ನನ್ನನ್ನು ಕಂಡು ಎದ್ದು ಕೂರಲು ನೋಡಿದರು. ಮಲಗ್ರಿ, ಮಲಗ್ರಿ ಎಂದು ಭುಜ ಒತ್ತಿ ಹಿಡಿದೆ. ಹೆಂಡತಿ ಅವತ್ತು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಲಬುರಗಿಯ ದೊಡ್ಡ ಆಸ್ಪತ್ರೆಗೆ ಫೋನ್ ಮಾಡಿ, ಆಂಬುಲೆನ್ಸ್ ಹತ್ತಿಸಿ ಕಳಿಸಿದೆ. ಅಲ್ಲಿ ಬಲ ಪಾದವನ್ನು ಅರ್ಧಕ್ಕೆ ತೆಗೆದರು.

ಆಂಬುಲೆನ್ಸ್ ಗೇಟು ದಾಟಿದ ಮೇಲೆ ಕೂತು ಪತ್ರ ಬರೆದೆ. ಪರೀಕ್ಷೆಯಲ್ಲಿ ನಾನು ಬಿಟ್ಟ ಕ್ರಮಗಳು ಇವು, ಇದೇ ರೀತಿಯಲ್ಲಿ ನೋಡಿದ ಎಲ್ಲ ಅರ್ಜಿದಾರರನ್ನೂ ಮತ್ತೆ ಕರೆಯಬೇಕು ಎಂದು ಬರೆದು, ಅಧ್ಯಕ್ಷರ ಮೇಜಿನ ಮೇಲಿಟ್ಟೆ. ಅವರು ಓದಿ ಮುಗಿಸಿ, “ಈಗ ಬರದ್ರೇನು?” ಎಂದರು. ಆಮೇಲೆ ಸ್ವೀಕರಿಸಿ ಸಹಿ ಹಾಕಿದರು.

ನನ್ನನ್ನು ಸಮಾಧಾನ ಮಾಡಲು ಬಂದ ಸಹೋದ್ಯೋಗಿಯೊಬ್ಬರು, ನೀವು ಅಂದೇ ಬರೆದಿದ್ದರೂ ಸಭೆ, ಆದೇಶ, ಗಾಡಿ ಎಲ್ಲ ಆಗುವಷ್ಟರಲ್ಲಿ ಕಾಲು ಹೋಗೇ ಹೋಗುತ್ತಿತ್ತು ಎಂದರು. ಇರಬಹುದು. ಆದರೆ ಮೊದಲ ದಿನ ಮಂಡಳಿಯಲ್ಲಿ ಪಾದಕ್ಕೆ ಸ್ಪರ್ಶವಿಲ್ಲ ಎಂದು ಬರೆದಿದ್ದರೆ, ನಲವತ್ತು ಬರಲಿ ಬಿಡಲಿ, ಆ ರಬ್ಬರ್ ಚಪ್ಪಲಿಗಳನ್ನು ಅಲ್ಲೇ ಕೈಗೆ ಕೊಡುತ್ತಿದ್ದೆ. ನಾವು ಕೂತ ಕೋಣೆಯಿಂದ ಮೂರನೇ ಬಾಗಿಲಿನ ಬೀರುವಿನಲ್ಲಿ ಅವು ಇದ್ದವು. ದಿನಾ ಸಂಜೆ ಅಂಗಾಲು ನೋಡಿಕೊಳ್ಳಿ ಎಂದು ಹೆಂಡತಿಗೆ ಹೇಳಿಕೊಡುತ್ತಿದ್ದೆ, ಆಕೆ ತಪ್ಪದೆ ನೋಡುತ್ತಿದ್ದರು. ಸ್ಪರ್ಶ ಸಹಜವಾಗಿದೆ ಎಂದು ಬರೆದ ಕಾಲಿಗೆ ಯಾರೂ ಚಪ್ಪಲಿ ಕೊಡುವುದಿಲ್ಲ.

ಹಳೆಯ ಅರ್ಜಿದಾರರನ್ನು ಒಬ್ಬೊಬ್ಬರನ್ನಾಗಿ ಕರೆಸಿದೆವು. ನನ್ನ ಕಣ್ಣ ಮುಂದೆಯೇ ಮಂಡಳಿಯ ಇನ್ನೊಬ್ಬ ವೈದ್ಯೆ ಏನೂ ಕೇಳದೆ ಎಳೆ ಮುಟ್ಟಿಸಿದರು. ಹತ್ತಿಕುಣಿಯ ಅಜ್ಜಿ ಕಣ್ಣು ಮುಚ್ಚಿ ಸುಮ್ಮನೆ ಮಲಗಿದ್ದಳು. ಬಹಳ ಹೊತ್ತಾದ ಮೇಲೆ, “ಇನ್ನಾ ಸುರು ಮಾಡಿಲ್ಲೇನವ್ವಾ?” ಎಂದಳು. ಆಕೆಯದೂ, ರಾಮಸಮುದ್ರದ ಒಬ್ಬರದೂ ತೀರ್ಮಾನ ಬದಲಾಯಿತು. ಮತ್ತೆ ಕೆಲವರದು ಬದಲಾಗಲಿಲ್ಲ. ಒಬ್ಬರು ಸತ್ತು ಹೋಗಿದ್ದರು.

ಗಾಯ ಮಾಗಿದ ಮೇಲೆ ಮಾಜಿ ಸೈನಿಕರ ಸರದಿ ಬಂತು. ಕಂಕುಳಲ್ಲಿ ಊರುಗೋಲು. ಈ ಸಲ ಬಾಗಿಲು ತೆರೆದೇ ಇತ್ತು, ಹೆಂಡತಿಗೆ ನಾನೇ ಕುರ್ಚಿ ಎಳೆದು ಕೊಟ್ಟೆ. ಆಕೆ ಕೂರಲಿಲ್ಲ, ಗಂಡನ ಪಕ್ಕ ನಿಂತರು.

ಅಧ್ಯಕ್ಷರು ಕೋಷ್ಟಕ ತೆಗೆದು ಬೆರಳಿಟ್ಟು ತೋರಿಸಿದರು. ಪಾದ ಅರ್ಧಕ್ಕೆ ಹೋಗಿದ್ದರೆ ಅಷ್ಟಕ್ಕೇ ನಲವತ್ತು. “ನಿಮ್ಮ ಪತ್ರದ ಜರೂರೇ ಬೀಳಲಿಲ್ಲ ನೋಡ್ರಿ” ಎಂದು ನನ್ನ ಕಡೆ ಬಾಗಿ ಮೆಲ್ಲಗೆ ಅಂದರು. “ಈಗ ಕಣ್ಣಿಗೇ ಕಾಣ್ತದ.”

ಜರೂರಿದೆ ಎಂದೆ. ಎಡ ಪಾದ ಇನ್ನೂ ಉಳಿದಿದೆ, ಅದಕ್ಕೂ ಸ್ಪರ್ಶವಿಲ್ಲವೆಂದು ಪರೀಕ್ಷಿಸಿ ದಾಖಲಿಸದೆ ಸಹಿ ಹಾಕುವುದಿಲ್ಲ ಎಂದು ಹಟ ಹಿಡಿದೆ. ವೈದ್ಯೆ ಪರೀಕ್ಷಿಸಿದರು, ದಾಖಲಿಸಿದರು. ಚಪ್ಪಲಿಗಳನ್ನು ನಾನೇ ಬೀರುವಿನಿಂದ ತಂದು ಹೆಂಡತಿಯ ಕೈಗೆ ಕೊಟ್ಟೆ. ಆಕೆ ಎರಡನ್ನೂ ತಿರುಗಿಸಿ ನೋಡಿ, ಬಲಗಾಲಿನದನ್ನು ಮೇಜಿನ ಮೇಲೆ ವಾಪಸಿಟ್ಟು, ಎಡಗಾಲಿನದನ್ನಷ್ಟೇ ಚೀಲಕ್ಕೆ ಹಾಕಿಕೊಂಡರು.

ಮೇಲ್ಮನವಿ ಪುರಸ್ಕೃತ ಎಂದು ಅಧ್ಯಕ್ಷರು ಓದಿ ಹೇಳಿದರು. ಮಾಸಾಶನ ಬರುತ್ತದೆ, ಗಾಡಿಗೆ ಹೆಸರು ಹೋಗುತ್ತದೆ ಎಂದರು. ಆ ಮನುಷ್ಯರು ಊರುಗೋಲಿನ ಮೇಲೆಯೇ ಬೆನ್ನು ನೆಟ್ಟಗೆ ಮಾಡಿದರು.

“ಸರ್, ಒಂದ್ ಮಾತು ಕೇಳ್ಲೇನ್ರಿ?” ಎಂದು ನನ್ನ ಕಡೆ ತಿರುಗಿದರು. “ಹುಣಸಗಿ ಕಡೀ ಒಬ್ಬ ಅದಾನ್ರಿ, ಬರ್ಫಿನಾಗ ನನ್ನ ಸಂಗಟೇ ಇದ್ದವ. ಅವಂದೂ ಪಾದ ಜುಮ್ಮ ಅದಾವ. ಆದ್ರ ಬೆರಳು ಎಲ್ಲಾ ಬರೋಬರಿ ಅದಾವ್ರಿ. ಈಗೇ ಅರ್ಜಿ ಹಾಕು ಅಂತ ಹೇಳ್ಲೇನು, ಇಲ್ಲಾ ಬೆರಳು ಹ್ವಾದ ಮ್ಯಾಗ ಹಾಕು ಅಂತ ಹೇಳ್ಲೇನ್ರಿ?”

ಅದರಲ್ಲಿ ಚುಚ್ಚುವ ಉದ್ದೇಶವೇನೂ ಇರಲಿಲ್ಲ. ನಿಯಮ ಸರಿಯಾಗಿ ತಿಳಿದುಕೊಂಡು ಹೋಗಿ ಗೆಳೆಯನಿಗೆ ಹೇಳಬೇಕೆಂದು ನಿಜಕ್ಕೂ ಕೇಳುತ್ತಿದ್ದರು. ಹೆಂಡತಿ ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದರು.

“ನಾಳೇನೇ ಕರ್ಕೊಂಡು ಬರ್ರಿ” ಎಂದೆ. “ಅವರ ಹೆಂಡ್ರನ್ನೂ ಕರ್ಕೊಂಡು ಬರ್ರಿ.”